ಲೋಕಾಪುರದ ಕಲ್ಲಿನ ಗೆರೆಗಳನ್ನು ಕಂಪ್ಯೂಟರ್‌ನಲ್ಲಿ ಬಿಡಿಸೋದು ಹೇಗೆ?

ಮುಧೋಳ ತಾಲ್ಲೂಕಿನ ಲೋಕಾಪುರದ ಸುತ್ತ ಓಡಾಡಿದವರಿಗೆ ಸುಣ್ಣದಕಲ್ಲು ಹೊಸದೇನಲ್ಲ. ಹೊಲದ ಬದುವಿನಲ್ಲಿ, ರಸ್ತೆ ಕಡಿದ ಜಾಗದಲ್ಲಿ, ಹಳೆ ಮನೆಗಳ ಗೋಡೆಯಲ್ಲಿ ಅದೇ ಬೂದು ಬಣ್ಣದ ಕಲ್ಲು. ಮುದ್ದಾಪುರದ ಕಡೆ ಸಿಮೆಂಟ್ ಕಾರ್ಖಾನೆ ಬಂದದ್ದೂ ಈ ಕಲ್ಲಿಗಾಗಿಯೇ. ಭೂವಿಜ್ಞಾನಿಗಳಿಗಂತೂ ಊರಿನ ಹೆಸರೇ ಒಂದು ಪದ: ಕಲಾದಗಿ ಜಲಾನಯನದ ಹಳೆಯ ಪದರಗಳ ಒಂದು ಗುಂಪನ್ನು ಅವರು 'ಲೋಕಾಪುರ ಉಪಸಮೂಹ' ಅಂತಲೇ ಕರೀತಾರೆ. ರಾಬರ್ಟ್ ಬ್ರೂಸ್ ಫೂಟ್ ಈ ಸೀಮೆಯ ಕಲ್ಲುಗಳ ಬಗ್ಗೆ ಬರೆದ ಗ್ರಂಥ ಅಚ್ಚಾದದ್ದು 1876ರಲ್ಲಿ. ಈ ಪದರಗಳ ವಯಸ್ಸು ನೂರು ಕೋಟಿ ವರ್ಷಕ್ಕೂ ಹೆಚ್ಚು.

ಆದರೆ ಈ ಕಲ್ಲಿನಲ್ಲಿ ಒಂದು ತಕರಾರಿದೆ. ನೋಡೋಕೆ ಒಂದೇ ಥರ ಇರುವ ಎರಡು ಕಲ್ಲು ಇಲ್ಲಿ ಅಕ್ಕಪಕ್ಕ ಸಿಗ್ತವೆ. ಒಂದು ಸುಣ್ಣದಕಲ್ಲು, ಅದರ ಖನಿಜ ಕ್ಯಾಲ್ಸೈಟ್. ಇನ್ನೊಂದು ಡೋಲೊಮೈಟ್. ನಮ್ಮ ಗೆಳೆಯನ ಕಾಕಾ ಹಿಂದೆ ಸುಣ್ಣದ ಭಟ್ಟಿಯಲ್ಲಿ ಕೆಲಸ ಮಾಡಿದವರು. ನಾವು ತಂದ ಎರಡು ಕಲ್ಲುಗಳಲ್ಲಿ ಒಂದನ್ನು ಕೈಯಲ್ಲಿ ತೂಗಿ ನೋಡಿ, "ಇದು ಲಗೂ ಅರಳೂದಿಲ್ಲೋ, ನೀರ್ ಹಾಕಿದ್ರ ಸುಮ್ನ ಕುಂತ್ಬಿಡ್ತೈತಿ" ಅಂದರು. ಅದು ಹೇಗೆ ಗೊತ್ತಾಯ್ತು ಅಂತ ಕೇಳಿದರೆ ನಕ್ಕು ಸುಮ್ಮನಾದರು. ನಮಗೆ ಭಟ್ಟಿಯ ಅನುಭವ ಇಲ್ಲ, ಇರೋದು ಲ್ಯಾಪ್‌ಟಾಪ್ ಮತ್ತು ಎರಡನೇ ಸೆಮಿಸ್ಟರಿನ ವೆಕ್ಟರ್ ಗಣಿತ. ಕಲ್ಲಿನ ಬಿರುಕಿನಲ್ಲಿ ಬೆಳೆದಿದ್ದ ಬಿಳಿ ಹರಳಿನ ಮೇಲೆ ತೆಳುವಾದ ಗೆರೆಗಳಿದ್ದವು. ಆ ಗೆರೆಗಳನ್ನು ಕಂಪ್ಯೂಟರಿನಲ್ಲಿ ಸರಿಯಾಗಿ ಬಿಡಿಸಿದರೆ ಹರಳು ಯಾವುದು ಅಂತ ಹೇಳಬಹುದೇ? ಈ ಲೇಖನ ಆ ಪ್ರಯತ್ನದ ಲೆಕ್ಕ.

ಗೊತ್ತಾದರೆ ಏನು ಲಾಭ?

ಮೊದಲು ಯಾಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕು ಅನ್ನೋದನ್ನು ನೋಡೋಣ. ಕ್ಯಾಲ್ಸೈಟ್ ಅಂದ್ರೆ ಕ್ಯಾಲ್ಸಿಯಂ ಕಾರ್ಬೊನೇಟ್. ಡೋಲೊಮೈಟಿನಲ್ಲಿ ಕ್ಯಾಲ್ಸಿಯಂ ಜೊತೆಗೆ ಸಮಪಾಲು ಮೆಗ್ನೀಸಿಯಂ ಇರ್ತದೆ. ಶುದ್ಧ ಡೋಲೊಮೈಟಿನ ತೂಕದಲ್ಲಿ ಸುಮಾರು 22% ಮೆಗ್ನೀಸಿಯಂ ಆಕ್ಸೈಡ್. ಸಿಮೆಂಟಿನ ಗೂಡಿನಲ್ಲಿ ಸುಮಾರು 1450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟಾಗ ಹೆಚ್ಚಾದ ಮೆಗ್ನೀಸಿಯಂ ಆಕ್ಸೈಡ್ ಬೇರೆ ಹರಳಾಗಿ ಉಳಿದುಬಿಡ್ತದೆ. ಅದು ನೀರಿನ ಜೊತೆ ಸೇರೋದು ಬಹಳ ನಿಧಾನ. ಗೋಡೆ ಕಟ್ಟಿ, ಗಿಲಾವು ಮಾಡಿ, ಬಣ್ಣ ಬಳಿದ ಎಷ್ಟೋ ಕಾಲದ ಮೇಲೆ ಅದು ಹಿಗ್ಗುತ್ತದೆ, ಕಾಂಕ್ರೀಟು ಬಿರುಕು ಬಿಡ್ತದೆ. ಅದಕ್ಕೇ ಭಾರತೀಯ ಮಾನಕ 269 ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿನಲ್ಲಿ ಮೆಗ್ನೀಸಿಯಂ ಆಕ್ಸೈಡು 6% ಮೀರಬಾರದು ಅನ್ನುತ್ತದೆ.

ಒರಟು ಲೆಕ್ಕ ಹಾಕೋಣ. ಒಂದು ಟನ್ ಕ್ಲಿಂಕರಿಗೆ ಸುಮಾರು ಒಂದೂವರೆ ಟನ್ ಕಚ್ಚಾ ಮಾಲು ಬೇಕು, ಉಳಿದದ್ದು ಇಂಗಾಲದ ಡೈಆಕ್ಸೈಡಾಗಿ ಹೋಗ್ತದೆ. ಮೆಗ್ನೀಸಿಯಂ ಮಾತ್ರ ಎಲ್ಲೂ ಹೋಗೋದಿಲ್ಲ. ಹಾಗಾಗಿ ಕಚ್ಚಾ ಮಾಲಿನಲ್ಲಿ 4% ಇದ್ದದ್ದು ಕ್ಲಿಂಕರಿನಲ್ಲಿ 6% ಆಗ್ತದೆ. 4% ಅಂದ್ರೆ ಕಚ್ಚಾ ಮಾಲಿನಲ್ಲಿ ಹೆಚ್ಚುಕಡಿಮೆ 18% ಡೋಲೊಮೈಟ್. ನೂರು ಬುಟ್ಟಿಯಲ್ಲಿ ಹದಿನೆಂಟು ಬುಟ್ಟಿ ತಪ್ಪು ಕಲ್ಲು ಬಂದರೆ ಮಿತಿ ಮುಟ್ಟಿತು! ಕಾರ್ಖಾನೆಗಳು ಇದನ್ನು ಎಕ್ಸ್-ರೇ ಯಂತ್ರದಿಂದ ಅಳೀತಾವೆ. ನಮ್ಮ ಬಳಿ ಇದ್ದದ್ದು ಹರಳಿನ ಗೆರೆ ಮಾತ್ರ.

ಆಕಾರ ನೋಡಿ ಹೇಳೋಕಾಗಲ್ವಾ?

ಆಗಲ್ಲ. ಕ್ಯಾಲ್ಸೈಟನ್ನು ಸುತ್ತಿಗೆಯಿಂದ ತಟ್ಟಿದರೆ ಅದು ಓರೆಯಾದ ಪೆಟ್ಟಿಗೆಯ ಆಕಾರಕ್ಕೇ ಸೀಳುತ್ತದೆ. ಆರು ಮುಖ, ಪ್ರತಿ ಮುಖವೂ ವಜ್ರಾಕೃತಿ. ಡೋಲೊಮೈಟೂ ಹಾಗೆಯೇ. ನಾವು ಎರಡಕ್ಕೂ ಮುಖದ ಅಗಲ ಕೋನ ಲೆಕ್ಕ ಹಾಕಿದೆವು. ಕ್ಯಾಲ್ಸೈಟಿಗೆ 101.9 ಡಿಗ್ರಿ, ಡೋಲೊಮೈಟಿಗೆ 102.6 ಡಿಗ್ರಿ. ವ್ಯತ್ಯಾಸ ಒಂದು ಡಿಗ್ರಿಯೂ ಇಲ್ಲ. ಕಂಪಾಸ್ ಬಾಕ್ಸಿನ ಕೋನಮಾಪಕ ಇಲ್ಲಿ ಕೆಲಸಕ್ಕೆ ಬರೋದಿಲ್ಲ.

ಗೆರೆಗಳ ವಿಷಯ ಹಾಗಲ್ಲ. ಅಲ್ಲಿ ವ್ಯತ್ಯಾಸ ಹತ್ತಾರು ಡಿಗ್ರಿ.

ಗೆರೆ ಅಂದ್ರೆ ಏನು?

ಹರಳಿನ ಮುಖದ ಮೇಲಿನ ಸಮಾನಾಂತರ ಗೆರೆಗಳು ಸಾಮಾನ್ಯವಾಗಿ ಮೂರು ರೀತಿ ಹುಟ್ಟುತ್ತವೆ.

ಮೊದಲನೆಯದು ಬೆಳವಣಿಗೆಯ ಗೆರೆ. ಹರಳು ಬೆಳೆಯುವಾಗ ಎರಡು ಮುಖಗಳು ಪೈಪೋಟಿಗೆ ಬಿದ್ದು, ಸಣ್ಣ ಸಣ್ಣ ಮೆಟ್ಟಿಲುಗಳಾಗಿ ಮುಂದೆ ಬರ್ತಾವೆ. ಆ ಮೆಟ್ಟಿಲಿನ ಅಂಚುಗಳೇ ಗೆರೆ. ಬೆಣಚುಕಲ್ಲಿನ ಉದ್ದ ಹರಳಿನ ಮೇಲೆ ಅಡ್ಡ ಗೆರೆ ಕಾಣೋದು ಇದರಿಂದಲೇ. ಚಿತ್ರದುರ್ಗದ ಇಂಗಳದಾಳದ ತಾಮ್ರದ ಅದಿರಿನ ಜೊತೆ ಸಿಗುವ ಪೈರೈಟ್ ಖನಿಜವೂ ಒಳ್ಳೆಯ ಉದಾಹರಣೆ: ಪೈರೈಟಿನ ಘನಾಕೃತಿಯ ಹರಳಿನಲ್ಲಿ ಒಂದು ಮುಖದ ಗೆರೆ ಪಕ್ಕದ ಮುಖದ ಗೆರೆಗೆ ಲಂಬವಾಗಿ ನಿಲ್ತದೆ. ಎರಡನೆಯದು ಸೀಳಿನ ಗೆರೆ. ಹರಳು ಸೀಳಲು ಸಿದ್ಧವಾಗಿರುವ ಜಾಗ ಅದು. ಮೂರನೆಯದು ಅವಳಿ ಪದರದ ಗೆರೆ. ಹರಳಿನ ಮೇಲೆ ಒತ್ತಡ ಬಿದ್ದಾಗ ಒಳಗಿನ ತೆಳು ಪದರವೊಂದು ಕನ್ನಡಿ ಬಿಂಬದಂತೆ ಆಚೆ ಹೊರಳುತ್ತದೆ. ಆ ಪದರ ಮುಖವನ್ನು ಸೇರುವಲ್ಲಿ ಗೆರೆ ಕಾಣ್ತದೆ. ಕ್ಯಾಲ್ಸೈಟಿಗೆ ಇದಕ್ಕೆ ಹೆಚ್ಚು ಒತ್ತಡವೂ ಬೇಡ, ಅಂಚಿನ ಮೇಲೆ ಚೂರಿಯ ಅಲಗು ಒತ್ತಿದರೂ ಸಾಕು ಅಂತ ಬೌಮ್‌ಹೌವರ್ 1879ರಲ್ಲೇ ತೋರಿಸಿದ್ದ.

ಮೂರಕ್ಕೂ ಒಂದೇ ಸೂತ್ರ: ಗೆರೆ ಅಂದ್ರೆ ಎರಡು ಸಮತಲಗಳು ಸೇರುವ ಜಾಗ. ಒಂದು ನಮಗೆ ಕಾಣುವ ಮುಖ, ಇನ್ನೊಂದು ಕಾಣದ ಸಮತಲ. ಎರಡು ಸಮತಲಗಳ ನಾರ್ಮಲ್ ವೆಕ್ಟರ್ ಗೊತ್ತಿದ್ದರೆ ಅವುಗಳ ಕ್ರಾಸ್ ಪ್ರಾಡಕ್ಟೇ ಗೆರೆಯ ದಿಕ್ಕು. ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದು ಕೊನೆಗೂ ಒಂದು ಕಲ್ಲಿಗೆ ಉಪಯೋಗ ಆಯ್ತು.

ನಮ್ಮ ಮೊದಲ ತಪ್ಪು

ಹರಳಿನ ಮುಖಗಳನ್ನು ಬಿಡಿಸೋಕೆ ಸಿದ್ಧ ಸಾಫ್ಟ್‌ವೇರ್‌ಗಳಿವೆ. ಜಪಾನಿನ ಮೊಮ್ಮಾ ಮತ್ತು ಇಝುಮಿ ಮಾಡಿದ ವೆಸ್ಟಾ ಅವುಗಳಲ್ಲಿ ಒಂದು. ಮುಖಗಳ ಮಿಲ್ಲರ್ ಸೂಚ್ಯಂಕ ಕೊಟ್ಟರೆ ಹೊರ ಆಕಾರ ತೋರಿಸ್ತದೆ. ನಮಗೆ ಗೆರೆಯ ಲೆಕ್ಕ ನಮ್ಮ ಕೈಯಲ್ಲೇ ಇರಬೇಕಿತ್ತು, ಅದಕ್ಕೆ ಪೈಥಾನ್ ಹಿಡಿದೆವು. ಲೆಕ್ಕಕ್ಕೆ ನಂಪೈ, ಚಿತ್ರಕ್ಕೆ ಮ್ಯಾಟ್‌ಪ್ಲಾಟ್‌ಲಿಬ್.

ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಆಕೃತಿಯೊಳಗೆ ಗೆರೆ ತುಂಬುವ 'ಹ್ಯಾಚ್' ಸೌಲಭ್ಯ ಇದೆ. ನಾವು ಮುಖಕ್ಕೆ ಹ್ಯಾಚ್ ಕೊಟ್ಟೆವು, ಚಂದ ಬಂತು. ಹರಳನ್ನು ಸ್ವಲ್ಪ ತಿರುಗಿಸಿದರೆ ಮುಖ ತಿರುಗಿತು, ಗೆರೆ ಮಾತ್ರ ಇದ್ದಲ್ಲೇ ಇತ್ತು! ಯಾಕಂದ್ರೆ ಹ್ಯಾಚ್ ಇರೋದು ಪರದೆಯ ಮೇಲೆ, ಹರಳಿನ ಮೇಲಲ್ಲ. ರಬಕವಿ-ಬನಹಟ್ಟಿಯ ಮಗ್ಗದಲ್ಲಿ ನೇಯ್ದ ಪಟ್ಟೆ ಸೀರೆಯನ್ನು ಹೇಗೆ ಮಡಚಿದರೂ ಪಟ್ಟೆ ಬಟ್ಟೆಯ ಜೊತೆಗೇ ಮಡಚಿಕೊಳ್ತದೆ, ನೂಲಿನಲ್ಲೇ ಇದೆಯಲ್ಲ. ನಾವು ಮಾಡಿದ್ದು ಸೀರೆಯ ಮುಂದೆ ಗೆರೆ ಎಳೆದ ಗಾಜು ಹಿಡಿದಂತೆ. ಗೆರೆ ಮೂರು ಆಯಾಮದಲ್ಲೇ ಹುಟ್ಟಬೇಕು, ಪರದೆಗೆ ಬರೋದು ಆಮೇಲೆ.

ಎರಡನೇ ತಪ್ಪು

ಮಿಲ್ಲರ್ ಸೂಚ್ಯಂಕ ಮೂರು ಅಂಕಿಗಳು. ಅವನ್ನೇ ಎಕ್ಸ್, ವೈ, ಝಡ್ ಅಂತ ತಿಳಿದು ನಾರ್ಮಲ್ ಮಾಡಿಕೊಂಡೆವು. ಪೈರೈಟಿಗೆ ಪ್ರಯತ್ನಿಸಿದಾಗ ಸರಿಯಾಗೇ ಬಂತು. (1 0 0) ಮುಖ, (2 1 0) ಕಾಣದ ಸಮತಲ, ಕ್ರಾಸ್ ಪ್ರಾಡಕ್ಟ್ [0 0 1]. ಉಳಿದ ಎರಡು ಮುಖಗಳಿಗೆ [1 0 0] ಮತ್ತು [0 1 0]. ಮೂರೂ ಒಂದಕ್ಕೊಂದು ಲಂಬ, ಪುಸ್ತಕದ ಚಿತ್ರದಂತೆಯೇ. ಖುಷಿಯಲ್ಲಿ ಅದೇ ಪ್ರೋಗ್ರಾಮಿಗೆ ಕ್ಯಾಲ್ಸೈಟ್ ಕೊಟ್ಟರೆ ಹರಳೇ ಸೊಟ್ಟಗಾಯ್ತು.

ಪೈರೈಟಿನ ಅಕ್ಷಗಳು ಮೂರೂ ಸಮ, ಮೂರೂ ಲಂಬ. ಕ್ಯಾಲ್ಸೈಟಿನಲ್ಲಿ ಹಾಗಿಲ್ಲ. ಎರಡು ಅಡ್ಡ ಅಕ್ಷಗಳ ನಡುವೆ 120 ಡಿಗ್ರಿ, ನಿಂತ ಅಕ್ಷದ ಅಳತೆ ಬೇರೆ. ಅಡ್ಡ ಅಕ್ಷವನ್ನು 1 ಅಂದ್ರೆ ನಿಂತ ಅಕ್ಷ ಕ್ಯಾಲ್ಸೈಟಿಗೆ 0.854, ಡೋಲೊಮೈಟಿಗೆ ಸುಮಾರು 0.832. ಈ ಅಳತೆಗೆ 'ಸಿ' ಅಂತ ಹೆಸರಿಡೋಣ. ಆಗ (ಎಚ್ ಕೆ ಎಲ್) ಸಮತಲದ ನಾರ್ಮಲ್ ಹೀಗೆ:

ಎಕ್ಸ್ = ಎಚ್
ವೈ = (ಎಚ್ + 2 ಕೆ) ÷ √3
ಝಡ್ = ಎಲ್ ÷ ಸಿ

[ಯು ವಿ ಡಬ್ಲ್ಯು] ದಿಕ್ಕಿಗೆ ಸೂತ್ರ ಬೇರೆ:

ಎಕ್ಸ್ = ಯು − ವಿ ÷ 2
ವೈ = ವಿ × √3 ÷ 2
ಝಡ್ = ಡಬ್ಲ್ಯು × ಸಿ

ಸಮತಲಕ್ಕೊಂದು ಸೂತ್ರ, ದಿಕ್ಕಿಗೊಂದು ಸೂತ್ರ ಅನ್ನೋದನ್ನು ಮರೆತರೆ ಚಿತ್ರ ಕೆಡ್ತದೆ. ಸರಿಯಾಯ್ತೋ ಇಲ್ಲವೋ ಅಂತ ನೋಡೋಕೆ ಒಂದು ಪರೀಕ್ಷೆ: ಕ್ಯಾಲ್ಸೈಟಿನ (1 0 1) ಮತ್ತು (-1 1 1) ಮುಖಗಳ ನಾರ್ಮಲ್‌ಗಳ ನಡುವಿನ ಕೋನ 74.9 ಡಿಗ್ರಿ ಬರಬೇಕು. ಬಂದರೆ ಮುಂದೆ ಹೋಗಬಹುದು.

ಇನ್ನೊಂದು ಎಚ್ಚರಿಕೆ. ಎಕ್ಸ್-ರೇ ಬಂದ ಮೇಲೆ ಕ್ಯಾಲ್ಸೈಟಿನ ನಿಂತ ಅಕ್ಷವನ್ನು ನಾಲ್ಕು ಪಟ್ಟು ಉದ್ದವಾಗಿ ತೆಗೆದುಕೊಳ್ಳೋದು ರೂಢಿ. ಆಗ ಇದೇ (1 0 1) ಮುಖ (1 0 4) ಆಗ್ತದೆ. ಹಳೆ ಪುಸ್ತಕದಿಂದ ಒಂದು, ಹೊಸ ಪುಸ್ತಕದಿಂದ ಒಂದು ಸೂಚ್ಯಂಕ ತಂದು ಬೆರೆಸಿದರೆ ಗೆರೆ ಎಲ್ಲೋ ಹೋಗಿ ನಿಲ್ತದೆ. ಈ ಲೇಖನದಲ್ಲಿ ನಾವು ಹಳೆ ರೂಢಿಯನ್ನೇ ಇಟ್ಟುಕೊಂಡಿದ್ದೇವೆ, ಅಂಕಿಗಳು ಚಿಕ್ಕವು.

ಎರಡು ಹರಳು, ಎರಡು ಗುಟ್ಟು

ಈಗ ಮುಖ್ಯ ವಿಷಯ. ಕ್ಯಾಲ್ಸೈಟಿನ ಅವಳಿ ಪದರದ ಸಮತಲಗಳು ಮೂರು: (0 1 2), (-1 0 2), (1 -1 2). ಡೋಲೊಮೈಟಿನವು ಬೇರೆ ಮೂರು: (0 2 1), (-2 0 1), (2 -2 1). ಇವನ್ನು (1 0 1) ಮುಖದ ಜೊತೆ ಕ್ರಾಸ್ ಮಾಡಿ ನೋಡೋಣ. ದಿಕ್ಕಿನ ಅಂಕಿಗಳಷ್ಟೇ ಬೇಕಾದರೆ ಸೂಚ್ಯಂಕಗಳನ್ನೇ ನೇರವಾಗಿ ಕ್ರಾಸ್ ಮಾಡಬಹುದು, ಬಂದ ಉತ್ತರವನ್ನು ಮಾತ್ರ ದಿಕ್ಕಿನ ಸೂತ್ರಕ್ಕೆ ಹಾಕಬೇಕು.

ಕ್ಯಾಲ್ಸೈಟಿನಲ್ಲಿ (-1 0 2) ಕೊಡುವ ದಿಕ್ಕು [0 1 0]. ಅದು ವಜ್ರಾಕೃತಿಯ ಉದ್ದ ಕರ್ಣ. ಉಳಿದೆರಡು ಕೊಡುವ ದಿಕ್ಕುಗಳು [-1 -2 1] ಮತ್ತು [1 -1 -1]. ಅವು ಮುಖದ ಅಂಚುಗಳಿಗೆ ಸಮಾನಾಂತರ. ಡೋಲೊಮೈಟಿನಲ್ಲಿ (-2 0 1) ಕೊಡುವುದೂ ಅದೇ ಉದ್ದ ಕರ್ಣ. ಆದರೆ ಉಳಿದೆರಡೂ ಒಂದೇ ದಿಕ್ಕು ಕೊಡ್ತಾವೆ: [2 1 -2]. ಅದು ಗಿಡ್ಡ ಕರ್ಣ!

ಅಂದ್ರೆ ಕ್ಯಾಲ್ಸೈಟಿನ ಮುಖದಲ್ಲಿ ಅವಳಿ ಗೆರೆ ಉದ್ದ ಕರ್ಣಕ್ಕೋ ಅಂಚಿಗೋ ಸಮಾನಾಂತರ. ಡೋಲೊಮೈಟಿನಲ್ಲಿ ಉದ್ದ ಕರ್ಣಕ್ಕೋ ಗಿಡ್ಡ ಕರ್ಣಕ್ಕೋ ಸಮಾನಾಂತರ. ಉದ್ದ ಕರ್ಣದ ಗೆರೆ ಎರಡರಲ್ಲೂ ಇರಬಹುದು, ಅದೊಂದೇ ಸಾಕ್ಷಿಯಾಗೋದಿಲ್ಲ. ಅಂಚಿನ ಗೆರೆಯೂ ಮೋಸ ಮಾಡಬಹುದು, ಯಾಕಂದ್ರೆ ಸೀಳಿನ ಗೆರೆ ಎರಡೂ ಹರಳಿನಲ್ಲಿ ಅಂಚಿಗೇ ಸಮಾನಾಂತರ.

ನಾವೊಮ್ಮೆ (0 1 2) ಬದಲು (1 0 2) ಗುಂಪನ್ನು ಹಾಕಿಬಿಟ್ಟಿದ್ದೆವು. ಒಂದು ಗೆರೆ ಉದ್ದ ಕರ್ಣಕ್ಕೇ ಬಂತು, ಹಾಗಾಗಿ ತಪ್ಪು ಗೊತ್ತಾಗಲಿಲ್ಲ. ಉಳಿದೆರಡು ಅಂಚಿಗೂ ಸೇರದೆ ಕರ್ಣಕ್ಕೂ ಸೇರದೆ ಓರೆಯಾಗಿ ನಿಂತಾಗ ಸಿಕ್ಕಿಬಿದ್ದೆವು. ಒಂದೇ ಗೆರೆ ನೋಡಿ ಪ್ರೋಗ್ರಾಮು ಸರಿ ಅಂತ ನಂಬಬೇಡಿ.

ಗೆರೆ ಅಲ್ಲ, ಹೋಳು

ಮೊದಲು ನಾವು ಒಂದೊಂದು ಮುಖಕ್ಕೂ ಬೇರೆ ಬೇರೆಯಾಗಿ ಗೆರೆ ಎಳೆಯುತ್ತಿದ್ದೆವು. ಪ್ರತಿ ಮುಖದಲ್ಲೂ ದಿಕ್ಕು ಸರಿ ಇತ್ತು. ಆದರೆ ಒಂದು ಮುಖದ ಗೆರೆ ಅಂಚು ದಾಟುವಾಗ ಪಕ್ಕದ ಮುಖದ ಗೆರೆಗೆ ಕೂಡುತ್ತಿರಲಿಲ್ಲ. ಬೆಳವಣಿಗೆಯ ಗೆರೆಗೆ ಅದು ನಡೀತದೆ, ಅದು ಒಂದೇ ಮುಖಕ್ಕೆ ಸೀಮಿತ ಇರಬಹುದು. ಅವಳಿ ಪದರ ಹರಳಿನೊಳಗೆ ಆರುಪಾರು ಹೋಗಿರುತ್ತದೆ. ಅಮೀನಗಡದ ಕರದಂಟನ್ನು ಚಾಕುವಿನಿಂದ ಹೋಳು ಮಾಡಿದರೆ ಚಾಕುವಿನ ಗುರುತು ಮೇಲ್ಭಾಗದಿಂದ ಪಕ್ಕಕ್ಕೆ ತುಂಡಾಗದೆ ಇಳೀತದಲ್ಲ, ಹಾಗೆ.

ಆದ್ದರಿಂದ ವಿಧಾನ ಬದಲಿಸಿದೆವು. ಈಗ ಪ್ರೋಗ್ರಾಮಿನ ಹಂತಗಳು ಇಷ್ಟು:

1. ಪ್ರತಿ ಮುಖಕ್ಕೆ ನಾರ್ಮಲ್ ಮತ್ತು ಕೇಂದ್ರದಿಂದ ದೂರ ಕೊಡಬೇಕು. ಮೂರು ಮೂರು ಸಮತಲಗಳನ್ನು ಬಿಡಿಸಿ ಮೂಲೆಗಳನ್ನು ಹುಡುಕಬೇಕು. ಯಾವುದಾದರೂ ಸಮತಲದ ಹೊರಗೆ ಬಿದ್ದ ಮೂಲೆಯನ್ನು ಬಿಟ್ಟುಬಿಡಬೇಕು.

2. ಒಂದೊಂದು ಮುಖದ ಮೂಲೆಗಳನ್ನು ಕೋನದ ಪ್ರಕಾರ ಸುತ್ತಲೂ ಜೋಡಿಸಬೇಕು. ಇದು ತಪ್ಪಿದರೆ ಮುಖದ ಬದಲು ಡಮರು ಬರ್ತದೆ.

3. ಕಾಣದ ಸಮತಲದ ನಾರ್ಮಲ್ ತೆಗೆದುಕೊಂಡು, ಅದರ ಉದ್ದಕ್ಕೂ ಸ್ವಲ್ಪ ಸ್ವಲ್ಪ ಅಂತರದಲ್ಲಿ ಹಲವು ಸಮಾನಾಂತರ ಸಮತಲಗಳನ್ನು ಇಡಬೇಕು. ಇವೇ ಹೋಳುಗಳು.

4. ಪ್ರತಿ ಹೋಳಿಗೂ, ಪ್ರತಿ ಮುಖದ ಪ್ರತಿ ಅಂಚಿನ ಎರಡು ತುದಿಗಳು ಹೋಳಿನ ಯಾವ ಕಡೆ ಇವೆ ಅಂತ ಡಾಟ್ ಪ್ರಾಡಕ್ಟಿನಿಂದ ನೋಡಬೇಕು. ತುದಿಗಳು ಆಚೆ-ಈಚೆ ಇದ್ದರೆ ಆ ಅಂಚು ಕತ್ತರಿಸಿತು ಅಂತ ಅರ್ಥ. ಕತ್ತರಿಸಿದ ಬಿಂದುವನ್ನು ಅನುಪಾತದಿಂದ ಹುಡುಕಬೇಕು. ಒಂದು ಮುಖಕ್ಕೆ ಇಂಥ ಎರಡು ಬಿಂದು ಸಿಗ್ತವೆ, ಅವೆರಡನ್ನು ಸೇರಿಸಿದರೆ ಗೆರೆ.

5. ನೋಡುವ ದಿಕ್ಕಿಗೆ ಬೆನ್ನು ಹಾಕಿದ ಮುಖವನ್ನು ಬಿಡಿಸಬಾರದು. ನಾರ್ಮಲ್ ಮತ್ತು ನೋಟದ ವೆಕ್ಟರಿನ ಡಾಟ್ ಪ್ರಾಡಕ್ಟ್ ಧನವಾಗಿದ್ದರೆ ಮುಖ ಕಾಣ್ತದೆ, ಇಲ್ಲದಿದ್ದರೆ ಇಲ್ಲ.

6. ಕೊನೆಗೆ ಎಲ್ಲವನ್ನೂ ಸಮಾನಾಂತರ ಪ್ರೊಜೆಕ್ಷನ್‌ನಲ್ಲಿ ಪರದೆಗೆ ಇಳಿಸಬೇಕು. ದೂರದ್ದು ಚಿಕ್ಕದು ಮಾಡುವ ಪರ್ಸ್ಪೆಕ್ಟಿವ್ ಬೇಡ. ಸಮಾನಾಂತರ ಪ್ರೊಜೆಕ್ಷನ್‌ನಲ್ಲಿ ಸಮಾನಾಂತರ ಗೆರೆಗಳು ಹಾಗೇ ಉಳೀತವೆ, ಪ್ರಿಂಟ್ ತೆಗೆದು ಸ್ಕೇಲ್ ಇಟ್ಟು ಪರೀಕ್ಷಿಸಬಹುದು.

ಅಂತರದ ಬಗ್ಗೆ ಒಂದು ಮಾತು. ಸಮ ಅಂತರ ಕೊಟ್ಟರೆ ಹರಳು ರೂಲ್ ಹಾಕಿದ ನೋಟ್‌ಬುಕ್ ಥರ ಕಾಣ್ತದೆ. ನಿಜವಾದ ಹರಳಿನಲ್ಲಿ ಗೆರೆ ಕೆಲವು ಕಡೆ ಒತ್ತೊತ್ತಾಗಿ, ಕೆಲವು ಕಡೆ ವಿರಳವಾಗಿ ಇರ್ತವೆ. ಅದಕ್ಕೆ ರ‍್ಯಾಂಡಮ್ ಅಂತರ ಕೊಡಬಹುದು. ಆದರೆ ಚಿತ್ರದ ಕೆಳಗೆ ಹಾಗಂತ ಬರೆಯಬೇಕು. ಗೆರೆಯ ದಿಕ್ಕು ಲೆಕ್ಕದಿಂದ ಬಂದದ್ದು, ಅಂತರ ನಾವು ಅಂದಕ್ಕೆ ಹಾಕಿದ್ದು. ಎರಡನ್ನೂ ಒಂದೇ ಅಂತ ತೋರಿಸಿದರೆ ಓದುವವರಿಗೆ ಮೋಸ.

ಅಂಚು ದಾಟಿದ ಗೆರೆ

ಹೋಳಿನ ವಿಧಾನಕ್ಕೆ ಬಂದ ಮೇಲೆ ನಾವು ಎಣಿಸದೇ ಇದ್ದ ಒಂದು ಲಾಭ ಸಿಕ್ಕಿತು. ಉದ್ದ ಕರ್ಣದ ಗೆರೆ ಎರಡೂ ಹರಳಿನಲ್ಲಿ ಇರಬಹುದು ಅಂದೆವಲ್ಲ. ಅದೇ ಗೆರೆ ಅಂಚು ದಾಟಿ ಪಕ್ಕದ (-1 1 1) ಮುಖಕ್ಕೆ ಹೋದಾಗ ಏನಾಗ್ತದೆ ನೋಡಿ. ಕ್ಯಾಲ್ಸೈಟಿನ (-1 0 2) ಹೋಳು ಅಲ್ಲಿ [2 1 1] ದಿಕ್ಕು ಹಿಡೀತದೆ, ಅಂದ್ರೆ ಆ ಮುಖದ ಒಂದು ಅಂಚಿಗೆ ಸಮಾನಾಂತರ. ಡೋಲೊಮೈಟಿನ (-2 0 1) ಹೋಳು [1 -1 2] ಹಿಡೀತದೆ, ಅಂದ್ರೆ ಆ ಮುಖದ ಗಿಡ್ಡ ಕರ್ಣ. ಒಂದು ಮುಖದಲ್ಲಿ ಅಣ್ಣತಮ್ಮಂದಿರಂತೆ ಒಂದೇ ಥರ ಕಂಡ ಗೆರೆಗಳು ಅಂಚು ದಾಟಿದ ತಕ್ಷಣ ಬೇರೆ ಬೇರೆ ದಾರಿ ಹಿಡೀತವೆ.

ಇದನ್ನೇ ತಿರುಗಿಸಿ ಹಾಕಿದರೆ ಉತ್ತರವೇ ಸಿಗ್ತದೆ. ಒಂದು ಮುಖದ ಗೆರೆಯ ದಿಕ್ಕನ್ನು ಪಕ್ಕದ ಮುಖದ ಗೆರೆಯ ದಿಕ್ಕಿನೊಡನೆ ಕ್ರಾಸ್ ಮಾಡಿದರೆ ಕಾಣದ ಸಮತಲ ಸಿಗಬೇಕು. [0 1 0] ಮತ್ತು [2 1 1] ಸೇರಿದರೆ (1 0 -2), ಅಂದ್ರೆ ಕ್ಯಾಲ್ಸೈಟಿನ ಸಮತಲ. [0 1 0] ಮತ್ತು [1 -1 2] ಸೇರಿದರೆ (2 0 -1), ಡೋಲೊಮೈಟಿನದು. ಚಿಹ್ನೆ ಪೂರ್ತಿ ತಿರುಗಿದರೂ ಸಮತಲ ಅದೇ.

ಕೊನೆಗೆ ನಮ್ಮ ಕಲ್ಲು ಯಾವುದು?

ಮೊದಲ ಕಲ್ಲಿನ ಹರಳನ್ನು ಮೊಬೈಲ್ ಕ್ಯಾಮೆರಾದ ಮುಂದೆ ಭೂತಗನ್ನಡಿ ಹಿಡಿದು, ಬೆಳಕು ಓರೆಯಾಗಿ ಬೀಳುವಂತೆ ಇಟ್ಟು ಫೋಟೊ ತೆಗೆದೆವು. ನೇರ ಬೆಳಕಿನಲ್ಲಿ ಗೆರೆ ಕಾಣೋದಿಲ್ಲ. ಒಂದು ಮುಖದಲ್ಲಿ ಗೆರೆ ಉದ್ದ ಕರ್ಣಕ್ಕೆ, ಪಕ್ಕದ ಮುಖದಲ್ಲಿ ಅಂಚಿಗೆ ಸಮಾನಾಂತರ ಇತ್ತು, ಎರಡೂ ಅಂಚಿನ ಒಂದೇ ಬಿಂದುವಿನಲ್ಲಿ ಸೇರುತ್ತಿದ್ದವು. ಕ್ಯಾಲ್ಸೈಟ್. ಕೆಮಿಸ್ಟ್ರಿ ಲ್ಯಾಬಿನಲ್ಲಿ ದುರ್ಬಲ ಹೈಡ್ರೊಕ್ಲೋರಿಕ್ ಆಮ್ಲದ ಒಂದು ಹನಿ ಹಾಕಿದಾಗ ಬುಸುಬುಸು ನೊರೆ ಬಂತು. ಲೆಕ್ಕ, ಆಮ್ಲ ಎರಡೂ ಒಂದೇ ಮಾತು ಹೇಳಿದವು.

ಎರಡನೇ ಕಲ್ಲು ಕಾಕಾ "ಅರಳೂದಿಲ್ಲ" ಅಂದದ್ದು. ಅದರಲ್ಲಿ ಗೆರೆ ಕಾಣುವಷ್ಟು ದೊಡ್ಡ ಹರಳೇ ಇರಲಿಲ್ಲ. ನಮ್ಮ ಪ್ರೋಗ್ರಾಮಿಗೆ ಅಲ್ಲಿ ಕೆಲಸವೇ ಇಲ್ಲ. ಆಮ್ಲದ ಹನಿಗೆ ಅದು ಸುಮ್ಮನಿತ್ತು. ಪುಡಿ ಮಾಡಿ ಹಾಕಿದಾಗ ಮಾತ್ರ ನಿಧಾನ ನೊರೆ ಬಂತು. ಡೋಲೊಮೈಟಿನ ಲಕ್ಷಣ ಅದೇ. ಡೋಲೊಮೈಟಿನ ಸುಣ್ಣ ನೀರಿಗೆ ನಿಧಾನ ಅರಳೋದೂ ನಿಜವೇ. ಕಾಕಾ ಕೈಯಲ್ಲಿ ತೂಗಿ ಹೇಳಿದ್ದಕ್ಕೂ ಕಾರಣ ಇದೆ: ಡೋಲೊಮೈಟು ಕ್ಯಾಲ್ಸೈಟಿಗಿಂತ ತುಸು ಭಾರ, ಒಂದು ಘನ ಸೆಂಟಿಮೀಟರಿಗೆ 2.71 ಗ್ರಾಂ ಎದುರು ಸುಮಾರು 2.85 ಗ್ರಾಂ.

ಹಾಗಾಗಿ ನಮ್ಮ ವಿಧಾನದ ಮಿತಿಯನ್ನೂ ಹೇಳಿಬಿಡ್ತೇವೆ. ಗಿಡ್ಡ ಕರ್ಣದ ಗೆರೆ ಕಂಡರೆ ಡೋಲೊಮೈಟ್ ಅನ್ನಬಹುದು. ಕಾಣದಿದ್ದರೆ ಡೋಲೊಮೈಟ್ ಅಲ್ಲ ಅನ್ನೋಕಾಗಲ್ಲ, ಅದರಲ್ಲಿ ಅವಳಿ ಪದರ ಕ್ಯಾಲ್ಸೈಟಿನಷ್ಟು ಸುಲಭವಾಗಿ ಹುಟ್ಟೋದಿಲ್ಲ. ಇನ್ನು ಕ್ಯಾಲ್ಸೈಟಿನ ಗೆರೆಗಳಿಂದ ಹಿಂದಿನ ಕಾಲದ ಒತ್ತಡದ ದಿಕ್ಕನ್ನು ಹುಡುಕುವ ವಿಧಾನವನ್ನು ಟರ್ನರ್ 1953ರಲ್ಲಿ ಕೊಟ್ಟ. ಲೋಕಾಪುರದ ಪದರಗಳು ಮಡಚಿ ಬಾಗಿವೆ, ಅವುಗಳ ಮೇಲೆ ಕೂತ ಬಾದಾಮಿಯ ಪದರಗಳು ಹೆಚ್ಚುಕಡಿಮೆ ಮಟ್ಟಸವಾಗಿವೆ. ನಮ್ಮ ಹರಳಿನ ಗೆರೆ ಆ ಹಳೆ ಮಡಿಕೆಯ ಕಾಲದ್ದೋ, ಅಥವಾ ನಾವೇ ಸುತ್ತಿಗೆಯಿಂದ ಹೊಡೆದಾಗ ಹುಟ್ಟಿದ್ದೋ ಅನ್ನೋದು ಒಂದೇ ಹರಳಿನಿಂದ ತೀರ್ಮಾನ ಆಗೋದಿಲ್ಲ. ಅದಕ್ಕೆ ಕಲ್ಲು ನೆಲದಲ್ಲಿ ಯಾವ ದಿಕ್ಕಿಗೆ ಮುಖ ಮಾಡಿತ್ತು ಅಂತ ಎತ್ತುವ ಮೊದಲೇ ಗುರುತು ಹಾಕಿಕೊಂಡಿರಬೇಕಿತ್ತು. ನಾವು ಹಾಕಿರಲಿಲ್ಲ.

ನೀವು ಪ್ರಯತ್ನಿಸೋದಾದರೆ ಮೊದಲು ಕಲ್ಲಿನ ಮೇಲೆ ಉತ್ತರ ದಿಕ್ಕಿನ ಬಾಣ ಬರೆಯಿರಿ, ಆಮೇಲೆ ಎತ್ತಿ. ಹೊಲದವರನ್ನು ಕೇಳದೆ ಹೊಲಕ್ಕೆ, ಅನುಮತಿ ಇಲ್ಲದೆ ಗಣಿಗೆ ಇಳಿಯಬೇಡಿ. ಕಲ್ಲು ಒಡೆಯುವಾಗ ಕಣ್ಣಿಗೆ ಕನ್ನಡಕ ಇರಲಿ. ಪ್ರೋಗ್ರಾಮನ್ನು ಮೊದಲು ಪೈರೈಟಿಗೆ ಓಡಿಸಿ, ಆಮೇಲೆ ಕ್ಯಾಲ್ಸೈಟಿಗೆ. ಎರಡೂ ಸರಿ ಬಂದ ಮೇಲಷ್ಟೇ ನಿಮ್ಮ ಕಲ್ಲಿಗೆ.